ಹುಣಸೆ ಬೀಜ, ಅಂಟುವಾಳದ ಬೀಜ

ಈಗಿನವರು ಫೋನು ಹಿಡಿದು, ಯಾರೋ ಬರೆದದ್ದಕ್ಕೆ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಎಂದು ಒತ್ತುತ್ತಾ ಕೂತಿರುವುದನ್ನು ನೋಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಶುರು ಮಾಡುತ್ತೇನೆ. "ಏನಾಯ್ತು ನಿಂಗೆ?" ಎಂದು ಮನೆಯವರು ಕೇಳಿದರೆ "ಏನಿಲ್ಲ" ಎನ್ನುತ್ತೇನೆ. ಏನಿಲ್ಲದೆ ಏನು! ಈ ಆಟವನ್ನು ಎಪ್ಪತ್ತರ ದಶಕದ ಕೊನೆಯಲ್ಲಿ, ಚಾಮರಾಜಪೇಟೆಯ ಒಂದು ವಾಚನಾಲಯದಲ್ಲಿ, ಡಬ್ಬಿಗಳನ್ನೂ ಬೀಜಗಳನ್ನೂ ಇಟ್ಟುಕೊಂಡು ನಾನೇ ಕಟ್ಟಿದ್ದೆ. ಕೆಡಿಸಿದ್ದೂ ನಾನೇ.

ಆಗ ನನಗೆ ಇಪ್ಪತ್ತೆರಡು. ಗಣಿತದಲ್ಲಿ ಬಿಎಸ್ಸಿ ಮುಗಿಸಿ, ಕಂಡಕಂಡಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಪೋಸ್ಟ್‌ಮನ್ ಬರುವ ಮುಂಚೆ ಮೂರು ಸಲ ಗೇಟಿಗೆ ಹೋಗುತ್ತಿದ್ದೆ, ಅವನು ಹೋದ ಮೇಲೆ ಇನ್ನೊಂದು ಸಲ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಕ್ಯಾಲೆಂಡರ್ ತಿರುವುತ್ತಿದ್ದೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ನೀನು, ಒಂದ್ಕಡೆ ಕೂತ್ಕೊಳ್ಳೇ!" ಎಂದು ಅಮ್ಮ ರೇಗುತ್ತಿದ್ದಳು. ಕೊನೆಗೆ ಅಪ್ಪ "ವಾಚನಾಲಯಕ್ಕಾದ್ರೂ ಹೋಗಿ ಬಾ, ಮನೇಲಿ ಎಲ್ರ ತಲೆ ತಿನ್ಬೇಡ" ಎಂದು ಹೊರಗೆ ಅಟ್ಟಿದರು.

ವಾಚನಾಲಯ ಎಂದರೆ ನಿವೃತ್ತ ಹೆಡ್‌ಮಾಸ್ಟರೊಬ್ಬರ ಹಳೆಯ ಬಂಗಲೆಯ ಮುಂದಿನ ಎರಡು ಕೋಣೆ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪೇಪರು, ಪತ್ರಿಕೆ, ಪರೀಕ್ಷೆಗೆ ಓದುವವರಿಗೆ ಬೇಕಾದ ಸಾಮಾನ್ಯ ಜ್ಞಾನದ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಎಲ್ಲವೂ ಅವರ ಪಿಂಚಣಿಯಿಂದಲೇ ಬಂದವು. "ಇಲ್ಲಿ ಯಾರಿಗೂ ಬಾಗಿಲು ಹಾಕಿಲ್ಲಮ್ಮ" ಎಂದು ಅವರು ಹೇಳಿಕೊಳ್ಳುತ್ತಿದ್ದರು, ಅದು ನಿಜವೂ ಆಗಿತ್ತು. ಭಾನುವಾರ ಬೆಳಗ್ಗೆ ಹತ್ತಕ್ಕೆ ಚರ್ಚೆ. ವಾರವಿಡೀ ಯಾರು ಬೇಕಾದರೂ ತಮ್ಮ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಹಲಗೆಗೆ ಚುಚ್ಚಬಹುದು. ಅದರಲ್ಲಿ ಮೂರನ್ನು ಭಾನುವಾರ ಚರ್ಚೆಗೆ ತೆಗೆದುಕೊಳ್ಳುತ್ತಿದ್ದರು.

ಯಾವ ಮೂರು? ಅಲ್ಲೇ ಇತ್ತು ತಕರಾರು. ಯಾರ ಗಂಟಲು ದೊಡ್ಡದೋ ಅವರ ಚೀಟಿ. ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ರಾಯರೊಬ್ಬರಿದ್ದರು. ಮೇಷ್ಟ್ರು ಕನ್ನಡಕ ಹಾಕಿಕೊಳ್ಳುವುದರೊಳಗೆ ತಮ್ಮ ಚೀಟಿ ಕಿತ್ತು ಅವರ ಕೈಗಿಟ್ಟು "ಇದ್ ತಗೊಳ್ಳಿ ಮೇಷ್ಟ್ರೇ, ಇದು ಬಹಳ ಗಹನ" ಎನ್ನುತ್ತಿದ್ದರು. ಆ ಗಹನವಾದದ್ದು ಬಹುತೇಕ ಅವರ ಮನೆ ಮುಂದಿನ ಚರಂಡಿ. ಮೂರು ಭಾನುವಾರ ತಡೆದುಕೊಂಡೆ. ನಾಲ್ಕನೆಯದಕ್ಕೆ ಎದ್ದು ನಿಂತು "ಇದು ಅನ್ಯಾಯ ಮೇಷ್ಟ್ರೇ, ಇದಕ್ಕೆ ಓಟು ಇರ್ಬೇಕು" ಎಂದೆ. ಮೇಷ್ಟ್ರು ನಕ್ಕು "ಹಾಗಾದ್ರೆ ನೀನೇ ಒಂದು ಏರ್ಪಾಡು ಮಾಡಮ್ಮ, ಗಣಿತ ಓದಿದೀಯ" ಎಂದರು. ಅಷ್ಟು ಸಾಕಾಯಿತು ನನಗೆ.

ಹಾಲಿನ ಪುಡಿಯ ಖಾಲಿ ಡಬ್ಬಿಗಳನ್ನು ಮನೆಮನೆಯಿಂದ ತಂದೆ. ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು ಪ್ರತಿ ಚೀಟಿಯ ಕೆಳಗೂ ಒಂದೊಂದು ಇಟ್ಟೆ. ಇಷ್ಟವಾದ ಚೀಟಿಯ ಡಬ್ಬಿಗೆ ಒಂದು ಒಣ ಅವರೆಕಾಳು. ಅದು ಅವರೆಯ ಕಾಲ, ಎಲ್ಲರ ಮನೆಯಲ್ಲೂ ರಾಶಿ ಬಿದ್ದಿರುತ್ತಿತ್ತು. ಮೊದಲ ಭಾನುವಾರ ಡಬ್ಬಿ ತೆರೆದರೆ ಎರಡರಲ್ಲಿ ಸಿಪ್ಪೆ ಮಾತ್ರ! ಇಲಿಗಳು ತೂತನ್ನು ಹಿರಿದು ಮಾಡಿಕೊಂಡು ಮತ ತಿಂದಿದ್ದವು. "ನಿನ್ನ ಚುನಾವಣೇಲಿ ಗೆದ್ದಿದ್ದು ಇಲಿ ಕಣಮ್ಮ" ಎಂದು ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈ ಉರಿದುಹೋಯಿತು. ಮರುದಿನವೇ ಹುಣಸೆ ಬೀಜಕ್ಕೆ ಬದಲಾಯಿಸಿದೆ. ಅದನ್ನು ಯಾವ ಇಲಿಯೂ ಕಡಿಯಲಿಲ್ಲ.

ಆಮೇಲೆ ನನಗೆ ನಿದ್ದೆಯೂ ಇಲ್ಲ, ಬೇರೆ ಕೆಲಸವೂ ಇಲ್ಲ. ಹಲಗೆಯ ಮೇಲಿನ ಸಾಲಿನ ಚೀಟಿಗಳಿಗೇ ಹೆಚ್ಚು ಬೀಜ ಬೀಳುತ್ತವೆ ಎಂದು ಕಂಡುಹಿಡಿದೆ. ದಿನವೂ ಸಾಲು ಬದಲಾಯಿಸಿದೆ. ಡಬ್ಬಿ ಅಲ್ಲಾಡಿಸಿ ನೋಡಿ, ತುಂಬಿದ ಸದ್ದು ಬಂದದ್ದಕ್ಕೇ ಜನ ಬೀಜ ಹಾಕುತ್ತಾರೆ ಎಂದು ಗೊತ್ತಾಯಿತು. ಡಬ್ಬಿಗಳನ್ನು ಹಲಗೆಗೆ ತಂತಿಯಿಂದ ಬಿಗಿದೆ, ಒಳಗೆ ಹಳೆಯ ಬಟ್ಟೆ ಹಾಸಿದೆ. ರಾಯರು ಹಿಡಿ ತುಂಬ ಬೀಜ ಸುರಿಯುವುದನ್ನು ಕಂಡು, ಒಬ್ಬರಿಗೆ ಒಂದು ಚೀಟಿಗೆ ಒಂದೇ ಬೀಜ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಹೆಸರು ನೋಡಿ ಓಟು ಹಾಕುತ್ತಾರೆಂದು ಚೀಟಿಯ ಮೇಲೆ ಹೆಸರು ಬರೆಯುವುದನ್ನೇ ನಿಲ್ಲಿಸಿದೆ. ಯಾರು ಯಾವುದಕ್ಕೆ ಹಾಕಿದರೆಂದು ಯಾರೂ ಯಾರನ್ನೂ ಕೇಳಕೂಡದು, ಅದು ಗುಪ್ತ ಮತದಾನ ಎಂದೂ ಒಂದು ನಿಯಮ ಮಾಡಿದೆ. ಮೇಷ್ಟ್ರು ಬಂದವರಿಗೆಲ್ಲ ನನ್ನ ಡಬ್ಬಿಗಳನ್ನು ತೋರಿಸುತ್ತಿದ್ದರು.

ಇಷ್ಟು ದಿನವೂ ನನ್ನ ಜೊತೆ ಡಬ್ಬಿ ಬಿಗಿದವಳು, ಬೀಜ ಎಣಿಸಿದವಳು ಒಬ್ಬ ಗೆಳತಿ. ನನ್ನದೇ ವಯಸ್ಸು. ಎರಡು ರಸ್ತೆ ಆಚೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆಗಳನ್ನು ಮಡಿಸುವ ಕೆಲಸ ಅವಳದು. ಅವಳ ಮನೆ ಗೋರಿಪಾಳ್ಯದ ಕಡೆ, ಒಂದು ವಠಾರದಲ್ಲಿ. ಮನೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಅವಳಪ್ಪ ತಾವೇ ಚೌಕಟ್ಟು ಹಾಕಿಸಿದ ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಕೂರಬೇಕೆಂದು ಅವಳ ಹಟ. ಪುಸ್ತಕ ಕೊಳ್ಳುವ ಹಾಗಿರಲಿಲ್ಲ. ಮೇಷ್ಟ್ರ ಆ ಪ್ರಶ್ನೆಪತ್ರಿಕೆಗಳ ಕಟ್ಟೇ ಅವಳಿಗೆ ಗತಿ. ಐದೂವರೆಗೆ ಪ್ರೆಸ್ಸು ಬಿಟ್ಟು ಬಂದರೆ ಎಂಟರವರೆಗೆ ತಲೆ ಎತ್ತದೆ ಓದುತ್ತಿದ್ದಳು. ನಾನು ಅವಳಿಗೆ ಶೇಕಡಾ ಲೆಕ್ಕ, ಬಡ್ಡಿ ಲೆಕ್ಕ ಹೇಳಿಕೊಟ್ಟೆ. "ನೀನು ಎದ್ದೆದ್ದು ಓಡಾಡ್ದೆ ಹೇಳ್ಕೊಟ್ರೆ ಇನ್ನೂ ಬೇಗ ಕಲೀತೀನಿ, ತಲೆ ತಿರುಗತ್ತೆ ನಂಗೆ" ಎನ್ನುತ್ತಿದ್ದಳು. ಮನೆಯ ಹೊರಗೆ ಹಾಗೆ ನನ್ನನ್ನು ಬೈಯಲು ಅವಳೊಬ್ಬಳಿಗೇ ಬಿಟ್ಟಿದ್ದೆ.

ಏರ್ಪಾಡು ಚೆನ್ನಾಗಿಯೇ ನಡೆದಿತ್ತು. ಆದರೆ ರಾಯರು ತಮ್ಮ ಇಸ್ಪೀಟಿನ ಗೆಳೆಯರನ್ನು ಕರೆತಂದು ಚರಂಡಿ ಚೀಟಿಗೆ ಒಂದೊಂದು ಬೀಜ ಹಾಕಿಸಲು ಶುರು ಮಾಡಿದರು. ಮತ್ತೆ ಚರಂಡಿ, ಮತ್ತೆ ಚರಂಡಿ. ನನಗೆ ತಡೆಯಲಾಗಲಿಲ್ಲ. ಬೇಕು ಎನ್ನುವವರಿಗೆ ಬೀಜ ಇದ್ದ ಹಾಗೆ ಬೇಡ ಎನ್ನುವವರಿಗೂ ಒಂದು ಬೀಜ ಇರಲಿ ಎಂದು ಹೊಳೆಯಿತು. ಅಮ್ಮ ರೇಷ್ಮೆ ಸೀರೆ ತೊಳೆಯಲು ಅಂಟುವಾಳ ಒಡೆದು ಬೀಜ ಎಸೆಯುತ್ತಿದ್ದಳು. ದುಂಡಗೆ, ಮಿರಮಿರ ಕಪ್ಪು. ಅದೇ ಆಗಲಿ. ಹುಣಸೆ ಬೀಜದಿಂದ ಅಂಟುವಾಳದ ಬೀಜ ಕಳೆಯುವುದು, ಉಳಿದದ್ದು ಆ ಚೀಟಿಯ ಬೆಲೆ. ಸೊನ್ನೆ ಅಥವಾ ಅದಕ್ಕಿಂತ ಕೆಳಗೆ ಬಂದ ಚೀಟಿಯನ್ನು ಹಲಗೆಯಿಂದಲೇ ಕಿತ್ತುಹಾಕುವುದು. ಮೊದಲ ವಾರವೇ ಚರಂಡಿ ಕೆಳಗೆ ಬಿತ್ತು. ಎಂಥ ಖುಷಿ ನನಗೆ!

ಗೆಳತಿ ಮಾತ್ರ ಕರಿ ಬೀಜವನ್ನು ಅಂಗೈಯಲ್ಲಿ ಉರುಳಿಸುತ್ತಾ "ಇದ್ಯಾಕೆ?" ಎಂದಳು.

"ಬೇಡ ಅನ್ನೋಕೆ."

"ಬೇಡ ಅನ್ಸಿದ್ರೆ ಸುಮ್ನೆ ಇದ್ರಾಯ್ತಪ್ಪ. ಇನ್ನೊಬ್ರು ಹಾಕಿದ್ದನ್ನ ಯಾಕೆ ಅಳಿಸ್ಬೇಕು?"

"ನಿಂಗೆ ಗೊತ್ತಾಗಲ್ಲ ಸುಮ್ನಿರೇ" ಎಂದೆ. ಗಣಿತ ಓದಿದವಳು ನಾನಲ್ಲವೇ.

ಈಗ ಲೋಟದ ವಿಷಯ ಹೇಳಬೇಕು. ಓದುವ ಕೋಣೆಯ ಮೂಲೆಯಲ್ಲಿ ಮಣ್ಣಿನ ಹೂಜಿ, ಅದರ ಪಕ್ಕ ತಟ್ಟೆಯಲ್ಲಿ ಬೋರಲು ಹಾಕಿದ ನಾಲ್ಕು ಸ್ಟೀಲ್ ಲೋಟ. ಗೆಳತಿ ಮೊದಲ ಸಲ ಬಂದ ದಿನ ಮೇಷ್ಟ್ರು ಪ್ರೀತಿಯಿಂದಲೇ "ಎಲ್ಲಾಯ್ತಮ್ಮ ನಿಮ್ಮನೆ? ಅಪ್ಪ ಏನು ಮಾಡ್ತಾರೆ?" ಎಂದು ಕೇಳಿದ್ದರು, ಅವಳು ಹೇಳಿದ್ದಳು. ಮರುದಿನ ಕಿಟಕಿಯ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಬಂದು ಕೂತಿತ್ತು. ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ನಿಂತು "ನೀರು ಬೇಕಂದ್ರೆ ಅಲ್ಲಿದೆಯಮ್ಮ ಲೋಟ" ಎಂದು ಕಣ್ಣಲ್ಲಿ ಕಿಟಕಿ ತೋರಿಸಿದರಂತೆ. ಅವಳು ಆ ಲೋಟವನ್ನು ಒಂದು ದಿನವೂ ಮುಟ್ಟಲಿಲ್ಲ. ಎರಡೂವರೆ ಗಂಟೆ ಓದಿ, ಬಾಯಾರಿದರೆ ಎದ್ದು ರಸ್ತೆಯ ತಿರುವಿನ ಕೊಳಾಯಿಗೆ ಹೋಗಿ ಬೊಗಸೆಯಲ್ಲಿ ಕುಡಿದು ಬರುತ್ತಿದ್ದಳು. ನಾಲ್ಕು ತಿಂಗಳು ಅವಳ ಪಕ್ಕ ಕೂತವಳು ನಾನು. "ಎಲ್ಲಿಗೆ ಹೋಗ್ತೀಯೇ ಪದೇಪದೇ, ನಂಗೆ ಓಡಾಡ್ಬೇಡ ಅಂತೀಯ" ಎಂದು ರೇಗಿಸಿದವಳೂ ನಾನೇ. ಅಂಥ ಲೋಟ ನಮ್ಮ ಮನೆಯ ಹಿತ್ತಲಲ್ಲೂ ಒಂದಿತ್ತು. ಹುಟ್ಟಿದಾಗಿನಿಂದ ನೋಡಿದ್ದರಿಂದ ಕಣ್ಣಿಗೆ ಬೀಳಲೇ ಇಲ್ಲ.

ಬೇಸಿಗೆ ಶುರುವಾದಾಗ ಆ ಕೊಳಾಯಿ ಸಂಜೆ ಬತ್ತಿಹೋಗತೊಡಗಿತು. ಒಂದು ಸೋಮವಾರ ಗೆಳತಿ ಒಂದು ಚೀಟಿ ತಂದು ಹಲಗೆಗೆ ಚುಚ್ಚುವ ಮುಂಚೆ ನನಗೆ ತೋರಿಸಿದಳು. ಪ್ರೆಸ್ಸಿನ ಹಾಳೆಯ ಅಂಚು ಕತ್ತರಿಸಿದ ತುಂಡು, ಮುದ್ದಾದ ಅಕ್ಷರ. "ನಮ್ಮ ವಾಚನಾಲಯದಲ್ಲಿ ನೀರಿನ ಲೋಟ ಎರಡು ಥರ ಏಕೆ?" ಅಷ್ಟೇ.

"ಹೆಸರಿಲ್ವಲ್ಲ, ಯಾರಿಗೂ ಗೊತ್ತಾಗಲ್ಲ ತಾನೆ?" ಎಂದಳು.

"ಗೊತ್ತಾಗಲ್ಲ" ಎಂದೆ. ಎಲ್ಲರಿಗೂ ಗೊತ್ತಾಗುತ್ತದೆಂದು ಇಬ್ಬರಿಗೂ ತಿಳಿದಿತ್ತು.

"ಮಾತಾಡೋಕೆ ನಂಗೆ ಧೈರ್ಯ ಇಲ್ಲ ಕಣೇ. ಚೀಟಿ ಮೇಲ್ ಬಂದ್ರೆ ಅವ್ರೇ ಮಾತಾಡ್ತಾರೆ. ಬರ್ಲಿಲ್ಲ ಅಂದ್ರೆ..." ಎಂದು ಚೀಟಿಯ ಅಂಚನ್ನು ಉಗುರಿನಿಂದ ಗೀರಿದಳು. "ಪರೀಕ್ಷೆ ಇನ್ನು ಎರಡು ತಿಂಗಳಿದೆ. ಬಾಯಾರ್ಕೊಂಡು ಓದೋಕಾಗಲ್ಲ, ಆ ಲೋಟದಲ್ಲಿ ಕುಡಿಯೋಕೂ ಆಗಲ್ಲ. ಬರೋದ್ ಬಿಟ್ಬಿಡ್ತೀನಿ."

ಆ ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನಕ್ಕೆ ನಾಲ್ಕು ಸಲ ವಾಚನಾಲಯಕ್ಕೆ ಹೋಗಿ ಹಲಗೆ ನೋಡುತ್ತಿದ್ದೆ. ಚೀಟಿಯ ಮುಂದೆ ಜನ ಗುಂಪು ಕಟ್ಟುತ್ತಿದ್ದರು, ನಾನು ಒಳಗೆ ಬಂದರೆ ಚದುರುತ್ತಿದ್ದರು. ಮೇಷ್ಟ್ರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ ಒಳಗೆ ಹೋದವರು ಎರಡು ದಿನ ಮುಂದಿನ ಕೋಣೆಗೆ ಬರಲಿಲ್ಲ. ಇದು ಮೊದಲು ಬಂದರೆ ಭಾನುವಾರ ಮೇಷ್ಟ್ರು ಎಲ್ಲರೆದುರು ತಲೆ ತಗ್ಗಿಸಬೇಕು, ಅವರ ಹೆಂಡತಿ ಅಳುತ್ತಾರೆ, ರಾಯರು ಕೂಗಾಡುತ್ತಾರೆ, ವಾಚನಾಲಯವೇ ಮುಚ್ಚಿದರೂ ಮುಚ್ಚಿತು. ನನ್ನ ಡಬ್ಬಿಗಳ ಗತಿ ಏನು? ಈ ವಾರ ಬೇಡ, ನಾನೇ ಮೇಷ್ಟ್ರ ಹತ್ತಿರ ಮೆಲ್ಲಗೆ ಮಾತಾಡಿ ಮುಂದಿನ ತಿಂಗಳು ಸರಿಮಾಡಿಸೋಣ ಎಂದುಕೊಂಡೆ. ಹೇಗೂ ಅದಕ್ಕೆ ಬೇಕಾದಷ್ಟು ಹುಣಸೆ ಬೀಜ ಬಿದ್ದಿರುತ್ತವೆ, ನನ್ನದೊಂದರಿಂದ ಏನಾದೀತು ಎಂದೂ ಅಂದುಕೊಂಡೆ. ಒಂದರ ಮೇಲೊಂದು ಎರಡು ನೆಪ. ಶನಿವಾರ ಸಂಜೆ, ಕೋಣೆಯಲ್ಲಿ ಯಾರೂ ಇಲ್ಲದಾಗ, ಅವಳ ಡಬ್ಬಿಗೆ ಒಂದು ಅಂಟುವಾಳದ ಬೀಜ ಹಾಕಿದೆ. ಒಳಗೆ ಬಟ್ಟೆ ಇದ್ದದ್ದರಿಂದ ಸದ್ದೂ ಆಗಲಿಲ್ಲ.

ಭಾನುವಾರ ಕೋಣೆ ಕಿಕ್ಕಿರಿದಿತ್ತು. ಗೆಳತಿ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತಿದ್ದಳು, ಇಸ್ತ್ರಿ ಮಾಡಿದ ಸೀರೆ ಉಟ್ಟು. ನಾನು ಒಂದೊಂದೇ ಡಬ್ಬಿ ಬಿಚ್ಚಿ ಎಲ್ಲರೆದುರು ಎಣಿಸಿದೆ. ಬೆಳಗಿನ ಕಾಫಿಗೆ ಚಿಕೋರಿ ಬೇಕೋ ಬೇಡವೋ ಎಂಬ ಚೀಟಿಗೆ ಒಂಬತ್ತು ಹುಣಸೆ, ಕರಿದು ಒಂದೂ ಇಲ್ಲ. ಬೆಲೆ ಒಂಬತ್ತು. ಸರ್ಕಸ್ಸಿಗೆ ಆನೆ ಬೇಕೆ ಎಂಬುದಕ್ಕೆ ಏಳು. ಅವಳ ಡಬ್ಬಿ ಕೈಗೆತ್ತಿಕೊಂಡಾಗಲೇ ಭಾರ ಎನ್ನಿಸಿತು. ಅಷ್ಟು ಭಾರದ ಡಬ್ಬಿ ಅವತ್ತಿನವರೆಗೆ ನಾನು ಎತ್ತಿರಲಿಲ್ಲ. ಮೇಜಿನ ಮೇಲೆ ಸುರಿದು ಬಣ್ಣ ನೋಡಿ ಬೇರೆ ಮಾಡಿದೆ. ಹುಣಸೆ ಹದಿಮೂರು. ಕರಿದು ಹದಿಮೂರು. ಇನ್ನೊಮ್ಮೆ ಎಣಿಸಿದೆ. ಅಷ್ಟೇ.

"ಎಷ್ಟಮ್ಮ?" ಎಂದರು ರಾಯರು.

"ಸೊನ್ನೆ" ಎಂದೆ.

"ಸೊನ್ನೆ ಅಂದ್ರೆ ಕೀಳ್ಬೇಕು. ನೀನೇ ಮಾಡಿದ ರೂಲು."

ಎದ್ದು ಹೋಗಿ ಚೀಟಿ ಕಿತ್ತೆ. ಗುಂಡುಸೂಜಿ ಬೆರಳಿಗೆ ಚುಚ್ಚಿತು. ಮೇಷ್ಟ್ರು ನೆಲ ನೋಡುತ್ತಿದ್ದರು. ಹದಿಮೂರು ಜನ ಆ ಪ್ರಶ್ನೆ ಬೇಕೆಂದು ಬೀಜ ಹಾಕಿದ್ದರು, ಅದರಲ್ಲಿ ಒಂದು ಅವಳದೇ ಆದರೂ ಇನ್ನು ಹನ್ನೆರಡು ಜನ ಆ ಕೋಣೆಯಲ್ಲೇ ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಬೀಜ ಹಾಕಿದ ಮೇಲೆ ತಮ್ಮ ಕೆಲಸ ಮುಗಿಯಿತು ಎಂದುಕೊಂಡಿರಬೇಕು. ಆಮೇಲೆ ಚಿಕೋರಿಯ ಬಗ್ಗೆ ಒಂದೂವರೆ ಗಂಟೆ ಚರ್ಚೆಯಾಯಿತು. ಅದರ ನಡುವೆ ಯಾವಾಗಲೋ ತಿರುಗಿ ನೋಡಿದರೆ ಬೆಂಚಿನ ತುದಿ ಖಾಲಿ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ನಾನು ಒಂದು ನೋಟ್‌ಬುಕ್ ಹಿಡಿದು ಹುಚ್ಚಿಯ ಹಾಗೆ ಲೆಕ್ಕ ಹಾಕುತ್ತಿದ್ದೆ. ಒಂಬತ್ತು ಜನ ಮುಟ್ಟಿದ ಚೀಟಿ ಮೊದಲನೆಯದು, ಇಪ್ಪತ್ತಾರು ಜನ ಮುಟ್ಟಿದ ಚೀಟಿ ಕಸದ ಬುಟ್ಟಿಗೆ. ಥೂ, ಇದೆಂಥ ಲೆಕ್ಕ ನನ್ನದು! ಯಾರಿಗೂ ಏನೂ ಅನ್ನಿಸದ ಪ್ರಶ್ನೆ ಗೆಲ್ಲುತ್ತದೆ, ಎಲ್ಲರ ಮೈಗೂ ತಾಗುವ ಪ್ರಶ್ನೆ ತನ್ನಷ್ಟಕ್ಕೆ ತಾನೇ ಅಳಿಸಿಹೋಗುತ್ತದೆ. ಕಳೆಯುವ ಬದಲು ಕೂಡಬೇಕಿತ್ತು. ಯಾವ ಬಣ್ಣದ್ದೇ ಇರಲಿ, ಬಿದ್ದ ಬೀಜವೆಲ್ಲ ಸೇರಿ ಎಷ್ಟೋ ಅಷ್ಟು ಆ ಪ್ರಶ್ನೆಯ ಬೆಲೆ. ಒಪ್ಪುವುದು ಬಿಡುವುದು ಭಾನುವಾರ ಬಾಯಿಬಿಟ್ಟು ಹೇಳಲಿ. ಬುಧವಾರ ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು "ನಿನ್ನ ಏರ್ಪಾಡು, ನಿನಗೆ ತೋಚಿದ ಹಾಗೆ ಮಾಡು" ಎಂದರು.

ಅದೇ ಪ್ರಶ್ನೆಯನ್ನು ನನ್ನ ಅಕ್ಷರದಲ್ಲಿ ಬರೆದು, ನಿಯಮ ಮುರಿದು ಕೆಳಗೆ ನನ್ನ ಹೆಸರನ್ನೂ ಬರೆದು ಚುಚ್ಚಿದೆ. ಭಾನುವಾರ ಕೂಡಿದ ಲೆಕ್ಕದಲ್ಲಿ ಅದೇ ಮೊದಲನೆಯದು. ಗೆದ್ದೆ ಎಂದುಕೊಂಡು ಚೀಟಿ ಓದಲು ಎದ್ದು ನಿಂತೆ. ಮೇಷ್ಟ್ರು ಕೈ ಎತ್ತಿ "ಆ ವಿಷಯ ಮುಗಿದಿದೆಯಮ್ಮ" ಎಂದು ಮೂಲೆ ತೋರಿಸಿದರು. ಹೂಜಿ ಇರಲಿಲ್ಲ. ಸ್ಟೀಲ್ ಲೋಟ ಇಲ್ಲ, ಅಲ್ಯೂಮಿನಿಯಂ ಲೋಟ ಇಲ್ಲ. ನೆಲದ ಮೇಲೆ ಹೂಜಿ ಕೂತಿದ್ದ ಒದ್ದೆ ಗುರುತು ಮಾತ್ರ. "ಇನ್ಮೇಲೆ ಎಲ್ಲರೂ ಅವರವರ ನೀರು ಅವರವರೇ ತಂದ್ಕೊಳ್ಳಿ. ಯಾರಿಗೂ ಬೇಜಾರಿಲ್ಲ" ಎಂದರು. ರಾಯರು ತಲೆಯಾಡಿಸಿ "ಬಹಳ ಸರಿ" ಎಂದರು. ಎರಡನೆಯ ಚೀಟಿಗೆ ಹೋದರು. ನಾನು ನಿಂತೇ ಇದ್ದೆ, ಯಾರೋ ಸೆರಗು ಎಳೆದು ಕೂರಿಸಿದರು.

ಆದರೂ ನನ್ನ ಬುದ್ಧಿ ನೋಡಿ. ಮರುದಿನ ಮಧ್ಯಾಹ್ನ ಅವಳ ಪ್ರೆಸ್ಸಿಗೆ ಹೋಗುವಾಗ ನನಗೆ ಒಳಗೊಳಗೇ ಹೆಮ್ಮೆ. ಊಟದ ಹೊತ್ತು, ಮಿಷನ್ನು ನಿಂತಿತ್ತು, ಶಾಯಿಯ ವಾಸನೆ. ಅವಳು ಒಬ್ಬಳೇ ನೆಲದ ಮೇಲೆ ಕೂತು ಹಾಳೆ ಮಡಿಸುತ್ತಿದ್ದಳು. ಅರ್ಧಕ್ಕೆ ಮಡಿಸಿ, ಉಗುರಿನಿಂದ ಗೀರಿ, ಮತ್ತೆ ಅರ್ಧಕ್ಕೆ. ನಾನು ಕೂರದೆ ಅವಳ ಮುಂದೆ ಅತ್ತಿಂದಿತ್ತ ಓಡಾಡುತ್ತಾ ಎಲ್ಲವನ್ನೂ ಹೇಳಿದೆ. ಕಳೆಯುವ ಲೆಕ್ಕ ಬಿಟ್ಟು ಕೂಡುವ ಲೆಕ್ಕ ತಂದದ್ದು, ನನ್ನ ಹೆಸರು ಬರೆದದ್ದು, ಅವಳ ಪ್ರಶ್ನೆ ಮೊದಲು ಬಂದದ್ದು. ಹೂಜಿಯನ್ನೇ ಎತ್ತಿಬಿಟ್ಟದ್ದನ್ನು ಕೊನೆಗೆ, ಮೆಲ್ಲಗೆ.

"ಅಂದ್ರೆ ನಂದೇ ನೀರು ನಾನ್ ತಂದ್ಕೋಬೇಕು" ಎಂದಳು.

"ಎಲ್ರೂ ತರ್ಬೇಕು ಕಣೇ. ನೀನ್ ಬಂದ್ಬಿಡು. ಪರೀಕ್ಷೆ ಹತ್ರ ಬಂತು."

"ಈ ಸಲ ಪರೀಕ್ಷೆ ಬಿಟ್ಟೆ. ಪುಸ್ತಕ ಎಲ್ಲಿಂದ ತರ್ಲಿ? ಪಾರ್ಕಿನ ದೊಡ್ಡ ಲೈಬ್ರರಿಗೆ ಎರಡು ದಿನ ಹೋದೆ, ಬಸ್ಸು ಸಿಕ್ಕಿ ಹೋಗೋಷ್ಟ್ರಲ್ಲಿ ಬಾಗಿಲು ಹಾಕ್ತಿದ್ರು."

ಅವಳು ಇನ್ನೊಂದು ಹಾಳೆ ತೆಗೆದುಕೊಂಡಳು, ಮಡಿಸಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ತಲೆ ಎತ್ತಿ ನನ್ನನ್ನೇ ನೋಡಿದಳು.

"ಹದಿಮೂರು, ಹದಿಮೂರು" ಎಂದಳು. "ಒಂದು ಬೀಜ ಆ ಕಡೆಯಿಂದ ಈ ಕಡೆ ಬಂದಿದ್ರೆ ಹದಿನಾಲ್ಕು, ಹನ್ನೆರಡು. ಎರಡು ಉಳೀತಿತ್ತು. ಚೀಟಿ ಹಲಗೆ ಮೇಲೆ ಇರ್ತಿತ್ತು. ನೀನೇ ಹೇಳ್ಕೊಟ್ಟ ಲೆಕ್ಕ." ಆಮೇಲೆ ಕೇಳಿದಳು. "ನೀನ್ ಯಾವ್ ಬೀಜ ಹಾಕ್ದೆ?"

ಅವತ್ತು ನನ್ನ ಕಾಲುಗಳು ಮೊದಲ ಸಲ ನಿಂತಲ್ಲೇ ನಿಂತವು. ಹೇಳಿಬಿಡಬಹುದಿತ್ತು. ಬೈದುಕೊಳ್ಳುತ್ತಿದ್ದಳು, ಅಳುತ್ತಿದ್ದಳು, ಹಾಳೆ ಎಸೆಯುತ್ತಿದ್ದಳು. ಅಷ್ಟಾದರೂ ಆಗುತ್ತಿತ್ತು.

"ಅದು ಗುಪ್ತ ಕಣೇ" ಎಂದೆ. "ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ರೂಲು."

"ಹೌದಲ್ವಾ. ಮರೆತಿದ್ದೆ" ಎಂದು ಅವಳು ಹಾಳೆ ಮಡಿಸಲು ಶುರು ಮಾಡಿದಳು. ಅರ್ಧಕ್ಕೆ, ಮತ್ತೆ ಅರ್ಧಕ್ಕೆ. ನಾನು ಹೊರಡುವವರೆಗೆ ತಲೆ ಎತ್ತಲಿಲ್ಲ.

ಆಮೇಲೆ ಪ್ರೆಸ್ಸು ಬೇರೆ ಕಡೆ ಹೋಯಿತು, ವಠಾರ ಒಡೆದರು, ನನಗೆ ಮಲ್ಲೇಶ್ವರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೂವತ್ತು ವರ್ಷ ಹುಡುಗಿಯರಿಗೆ ಕೂಡುವ ಕಳೆಯುವ ಲೆಕ್ಕ ಹೇಳಿಕೊಟ್ಟೆ. ಅವಳು ಮುಂದೆ ಪರೀಕ್ಷೆಗೆ ಕೂತಳೋ, ಗುಮಾಸ್ತೆಯಾದಳೋ, ನನಗೆ ತಿಳಿಯಲಿಲ್ಲ. ಯಾವುದೇ ಸರ್ಕಾರಿ ಕಚೇರಿಗೆ ಹೋದರೂ ಕೌಂಟರಿನ ಆಚೆ ಕೂತ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ, ನನ್ನ ಸರದಿ ಬಂದು ಕೂಗಿದರೂ ಕೇಳಿಸುವುದಿಲ್ಲ. ಸಿಕ್ಕಿದರೆ ಹೇಳಬೇಕಾದದ್ದು ಎರಡೇ ಮಾತು, ಅದನ್ನು ಇಲ್ಲೇ ಬರೆದುಬಿಡುತ್ತೇನೆ. ಕರಿದು ಕಣೇ. ನಾನು ಹಾಕಿದ್ದು ಕರಿ ಬೀಜ.